ಈಂದಿನ ಗರಿಯಲ್ಲಿ ನೀಲಿ

ಶಮೀಲನನ್ನು ನಾನು ಮೊದಲು ನೋಡಿದ್ದು ಹಿಂದಿನಿಂದ. ನಮ್ಮ ಹಿತ್ತಲಿನಲ್ಲಿ, ಗಿಡ್ಡ ತಾಳೆಯಂತೆ ಕಾಣುವ ಈಂದಿನ ಮರದ ಪಕ್ಕ, ನಾನು ಕಾಯಿ ತೊಳೆಯುವ ಕಲ್ಲಿನ ಮೇಲೆ ಚಪ್ಪಲಿ ಸಮೇತ ಹತ್ತಿ ನಿಂತು, ತಲೆಯನ್ನು ಪೂರ್ತಿ ಗರಿಗಳೊಳಗೆ ತೂರಿಸಿಕೊಂಡಿದ್ದ.

ಕೇರಳದ ಕುಟ್ಯಾಡಿಯ ಈ ಗುಡ್ಡದಲ್ಲಿ ಮದುವೆಯ ಸೀಸನ್ ಬಂತೆಂದರೆ ಗರಿ ಕದಿಯುವವರಿಗೆ ಬರವಿಲ್ಲ. ಚಪ್ಪರದ ಬಾಗಿಲಿಗೆ, ಮದುಮಕ್ಕಳು ಕೂರುವ ಕಮಾನಿಗೆ ಈಂದಿನ ಗರಿಯೇ ಆಗಬೇಕು. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಆದರೂ ಕದಿಯುತ್ತಾರೆ. ನನ್ನ ಕೈಯಲ್ಲಿ ಕಾಯಿ ನೆನೆಸಿದ ಎರಡನೇ ನೀರಿನ ಬಕೆಟ್ ಇತ್ತು. ಯೋಚಿಸದೆ ಬೆನ್ನಿಗೆ ಸುರಿದೆ.

ಅವನು ಕಿರುಚಲಿಲ್ಲ, ತಿರುಗಲೂ ಇಲ್ಲ. ಎದೆಯ ಹತ್ತಿರ ಏನನ್ನೋ ಎರಡು ಕೈಯಲ್ಲಿ ಅವುಚಿಕೊಂಡು ಮೆಲ್ಲಗೆ ಹೇಳಿದ. "ಸ್ವಲ್ಪ ತಡೀರಿ. ಇನ್ನೆರಡು ಮೊಟ್ಟೆ ಇಟ್ಟು ಹೋಗ್ತಾಳೆ."

"ಯಾರ ಹಿತ್ತಲು ಅಂತ ಹತ್ತಿದ್ದು ನೀವು?"

"ನಿಮ್ಮದು ಅಂತ ಈಗ ಗೊತ್ತಾಯ್ತು. ನೀರು ಬಾಯಿಗೆ ಹೋಯ್ತು. ಏನಿದು, ಇಷ್ಟು ಕಹಿ?"

"ವಿಷ."

ಆಗ ತಿರುಗಿದ. ಈಂದಿನ ಕಾಯಿ ಒಡೆದು, ಒಣಗಿಸಿ, ಏಳು ನೀರಿನಲ್ಲಿ ನೆನೆಹಾಕಿ ಏಳು ಸಲ ಚೆಲ್ಲಿದ ಮೇಲೆಯೇ ಹಿಟ್ಟು ಮಾಡಬೇಕು. ಎರಡನೇ ನೀರು ಕುಡಿದ ಕೋಳಿ ಸಂಜೆಯಾಗುವ ಮುಂಚೆ ಕತ್ತು ವಾಲಿಸುತ್ತದೆ. ಇದು ಅವನಿಗೂ ಗೊತ್ತಿತ್ತು. ತುಟಿ ಒರೆಸಿಕೊಂಡು ನನ್ನನ್ನೇ ನೋಡಿದ.

"ಸಾಯ್ತೀನಾ?"

"ಒಂದು ಗುಟುಕಿಗೆ ಸಾಯಲ್ಲ. ಹೊಟ್ಟೆ ಕಲಸುತ್ತೆ ಅಷ್ಟೇ. ಇನ್ನೊಂದು ಬಕೆಟ್ ಇದೆ, ಬೇಕಾ?"

ಅವನು ನಕ್ಕ. ಕೂದಲಿಂದ ನೀರಿಳಿಯುತ್ತಿತ್ತು, ರೆಪ್ಪೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು, ಅದನ್ನೂ ಒರೆಸಿಕೊಳ್ಳದೆ ನಕ್ಕ. ಎದೆಗವುಚಿಕೊಂಡಿದ್ದು ಕ್ಯಾಮೆರಾ. ತನ್ನ ತಲೆ ನೆನೆದರೂ ಅದು ನೆನೆಯಬಾರದು ಎನ್ನುವ ಮನುಷ್ಯ. ಅವತ್ತೇ ನನಗೆ ಅದು ಅರ್ಥವಾಗಬೇಕಿತ್ತು.

---

ಅವನು ವಡಗರದಲ್ಲಿ ಸ್ಟುಡಿಯೋ ಇಟ್ಟಿದ್ದ. ಹೊಟ್ಟೆಪಾಡಿಗೆ ಮದುವೆಯ ಫೋಟೋ, ಮನಸ್ಸಿಗೆ ಚಿಟ್ಟೆಯ ಫೋಟೋ. ಈ ಸಲ ನಾಟುಮಾರ ಎನ್ನುವ ನೀಲಿ ಚಿಟ್ಟೆಯ ಇಡೀ ಬಾಳನ್ನು, ಮೊಟ್ಟೆಯಿಂದ ರೆಕ್ಕೆಯವರೆಗೆ, ಒಂದೇ ಮರದಲ್ಲಿ ಹಿಡಿಯಬೇಕೆಂದು ಹಠ. ಒಂದು ವಾರಪತ್ರಿಕೆ ಎರಡು ಪುಟ ಕೊಡುತ್ತೇನೆ ಎಂದಿತ್ತಂತೆ. ಆ ಚಿಟ್ಟೆ ಮೊಟ್ಟೆಯಿಡುವುದು ಈಂದು ಹೊಸ ಗರಿ ಬಿಡುವಾಗ ಮಾತ್ರ. ನಮ್ಮ ಮರದ ನೆತ್ತಿಯಲ್ಲಿ ಆ ವಾರವಷ್ಟೇ ಹೊಸ ಗರಿಗಳು ಸುರುಳಿ ಬಿಚ್ಚುತ್ತಿದ್ದವು.

"ಬನ್ನಿ, ನೋಡಿ," ಎಂದು ಒಂದು ಭೂತಗನ್ನಡಿ ಕೊಟ್ಟ.

ಎಳೆಗರಿಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ತಿಳಿಹಸಿರು ಬಿಲ್ಲೆ. ಗಾಜಿನಡಿಯಲ್ಲಿ ಅದರ ಮೇಲೆಲ್ಲ ಬಲೆ ಹೆಣೆದಂತೆ ಬಿಳಿ ಗೆರೆ. ಇಷ್ಟು ದಿನ ನಾನು ಮರಕ್ಕೆ ನೀರೆರಚಿ ಇಂಥವನ್ನು ಎಷ್ಟು ತೊಳೆದುಹಾಕಿದ್ದೇನೋ ಎಂದು ಒಂದು ಕ್ಷಣ ಕಸಿವಿಸಿಯಾಯಿತು.

"ನೀಲಿ ಚಿಟ್ಟೆ ಅಂದ್ರಿ. ಅಲ್ಲಿ ಕೂತಿರೋಳು ಮಣ್ಣಿನ ಬಣ್ಣ ಇದಾಳಲ್ಲ?"

"ನೀಲಿ ಗಂಡಿಗೆ. ಹೆಣ್ಣಿಗೆ ಕಂದು. ರೆಕ್ಕೆಯ ಬುಡದಲ್ಲಿ ಸ್ವಲ್ಪ ನೀಲಿ ಇರುತ್ತೆ, ಹತ್ತಿರ ಹೋದ್ರೆ ಕಾಣ್ಸುತ್ತೆ."

"ಹತ್ತಿರ ಯಾರು ಹೋಗ್ತಾರೆ?"

"ನಾನು ಹೋಗ್ತೀನಿ," ಎಂದ. ಹೇಳಿದ್ದು ಚಿಟ್ಟೆಯ ಬಗ್ಗೆ. ನೋಡಿದ್ದು ನನ್ನನ್ನು. ಎರಡನ್ನೂ ಅವನು ಎಷ್ಟು ಸಲೀಸಾಗಿ ಮಾಡುತ್ತಿದ್ದನೆಂದರೆ, ಯಾವುದು ಯಾವುದಕ್ಕೆ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಇಪ್ಪತ್ತೊಂದು ದಿನ ಬೇಕು ಎಂದ. ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಒಂಬತ್ತೂವರೆಗೆ ಹೋಗುತ್ತೇನೆ, ಅಲ್ಲಿಯವರೆಗೆ ಮರದ ಒಂದು ಗರಿಯನ್ನೂ ಯಾರೂ ಮುಟ್ಟಬಾರದು ಎಂದ. ಉಮ್ಮ, ನನ್ನ ತಾಯಿ, ಮೊದಲು ಹುಬ್ಬು ಗಂಟಿಕ್ಕಿದಳು. ಅವನು ಅವಳನ್ನು ಅಂಗಳದ ಬೆಳಕಿನಲ್ಲಿ ಕೂರಿಸಿ ಒಂದು ಫೋಟೋ ತೆಗೆದುಕೊಟ್ಟ. ಆಧಾರ್ ಕಾರ್ಡಿನಲ್ಲಿ ಕಳ್ಳಿಯಂತೆ ಕಾಣುತ್ತಿದ್ದ ಉಮ್ಮ ಇದರಲ್ಲಿ ಅರಮನೆಯ ಬೀಬಿಯಂತಿದ್ದಳು. ಮರುದಿನದಿಂದ ಅವನಿಗೆ ಚಹಾ, ಜೊತೆಗೆ ಅಕ್ಕಿಹಿಟ್ಟಿನ ಪತ್ತಿರಿ.

---

ನನಗಾಗ ಇಪ್ಪತ್ತೆಂಟು. ಏಳು ಸಲ ಹೆಣ್ಣು ನೋಡಲು ಬಂದಿದ್ದರು. ಮುಖ ನೋಡಿ ತಲೆಯಾಡಿಸುತ್ತಿದ್ದವರು ಚಹಾದ ಲೋಟ ತೆಗೆದುಕೊಳ್ಳುವಾಗ ನನ್ನ ಕೈ ನೋಡಿ ಸುಮ್ಮನಾಗುತ್ತಿದ್ದರು. ಹನ್ನೆರಡು ವರ್ಷದಿಂದ ಈಂದಿನ ಕಾಯಿ ಸೀಳಿದ ಕೈ. ಬೆರಳುಗಳು ಕಪ್ಪಿಟ್ಟು, ತುದಿಗಳು ಬಿರುಕು ಬಿಟ್ಟು, ಎಷ್ಟು ಮೈಲಾಂಜಿ ಅರೆದು ಹಚ್ಚಿ ಕೆಂಪಾಗಿಸಿದರೂ ಆ ಕಪ್ಪು ಮರೆಯಾಗುತ್ತಿರಲಿಲ್ಲ.

ಆರನೇ ದಿನ ಹುಳ ಅಕ್ಕಿಕಾಳಿನಷ್ಟಾಗಿತ್ತು. ಹಸಿರು ಮೈ, ಬೆನ್ನಿನ ಮೇಲೆ ತೆಳು ನೇರಳೆ ಗೆರೆ, ತಲೆಯೆಲ್ಲಿ ಬಾಲವೆಲ್ಲಿ ತಿಳಿಯದ ಚಪ್ಪಟೆ ಜೀವ.

"ಗರಿನ ಒಂಚೂರು ಹಿಡ್ಕೊಳ್ತೀರಾ? ಗಾಳಿಗೆ ಅಲ್ಲಾಡ್ತಿದೆ," ಎಂದ.

ಹಿಡಿದೆ. ಅವನು ಕ್ಯಾಮೆರಾದೊಳಗೆ ಕಣ್ಣಿಟ್ಟು ಲೆನ್ಸ್ ತಿರುಗಿಸಿದ. ಆಮೇಲೆ ತಲೆಯೆತ್ತದೆಯೇ ಹೇಳಿದ. "ಎಂಥ ಬೆರಳು ನಿಮ್ಮದು."

ನಾನು ಕೈ ಹಿಂದಕ್ಕೆಳೆದುಕೊಂಡೆ.

"ಯಾಕೆ ತೆಗೆದ್ರಿ? ಒಂದಿಷ್ಟೂ ನಡುಗ್ತಿರಲಿಲ್ಲ. ಮುನ್ನೂರು ಮದುವಣಗಿತ್ತಿಯರ ಕೈ ನೋಡಿದೀನಿ ಸಫೂರಾ, ಉಂಗುರ ಹಾಕೋವಾಗ ಎಲ್ಲ ನಡುಗುತ್ವೆ. ಹಿಡ್ಕೊಳ್ಳಿ. ಈ ಕಪ್ಪು ಬೆರಳಿನ ಪಕ್ಕ ಹುಳದ ಹಸಿರು ಹ್ಯಾಗೆ ಎದ್ದು ಕಾಣ್ತಿದೆ ನೋಡಿ."

ಮತ್ತೆ ಹಿಡಿದೆ. ಈ ಸಲ ನಡುಗಿತು. ಅವನು ನಗಲಿಲ್ಲ. ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದ, ಫೋಟೋ ಆಗುವವರೆಗೆ ಬಿಡಲಿಲ್ಲ. ಆಗಿ ಎಷ್ಟೋ ಹೊತ್ತಿನ ಮೇಲೂ ಬಿಟ್ಟಿರಲಿಲ್ಲ.

ಆ ಹೊತ್ತಿಗೇ ಇರುವೆಗಳು ಬಂದಿದ್ದವು. ಸಾಲಾಗಿ ಬಂದು ಹುಳವನ್ನು ಸುತ್ತುವರಿದು, ಬೆನ್ನಿನ ಮೇಲೆ ಹತ್ತಿ ಮೀಸೆಯಿಂದ ತಟ್ಟತೊಡಗಿದವು. ತಿಂದುಹಾಕುತ್ತವೆಂದು ನಾನು ಓಡಿಸಹೋದೆ.

"ಬಿಡಿ, ಅವು ಕಾವಲು," ಎಂದ. "ಹುಳ ಬೆನ್ನಿಂದ ಒಂದು ಹನಿ ಸಿಹಿ ಕೊಡುತ್ತೆ. ಆ ಒಂದು ಹನಿಗೆ ಇವು ಹಗಲೂ ರಾತ್ರಿ ಸುತ್ತ ನಿಂತು ಕಾಯ್ತಾವೆ. ಜೇಡ ಬಂದ್ರೂ ಕಚ್ಚೋಕೆ ಹೋಗ್ತಾವೆ."

"ರೆಕ್ಕೆ ಬಂದ್ಮೇಲೆ?"

"ರೆಕ್ಕೆ ಬಂದ್ಮೇಲೆ ಹಾರಿಹೋಗುತ್ತೆ."

"ಇರುವೆಗೆ ಏನು ಕೊಟ್ಟು ಹೋಗುತ್ತೆ?"

"ಏನೂ ಇಲ್ಲ," ಎಂದು ಲೆನ್ಸ್ ಒರೆಸಿಕೊಂಡ. "ಅವಕ್ಕೆ ಗೊತ್ತಾಗಲ್ಲ ಬಿಡಿ. ಇನ್ನೊಂದು ಹುಳದ ಹತ್ತಿರ ಹೋಗ್ತಾವೆ."

ಕೇಳಿಸಿಕೊಂಡೆ. ಕೇಳಿಸಿಕೊಂಡೂ ಮಾರನೆಯ ದಿನ ಏಳೂವರೆಗೇ ತಲೆ ಬಾಚಿ, ಮೇಲೆ ಹೊದ್ದ ತಟ್ಟಂ ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತಿದ್ದೆ. ಅವನು ಬೈಕ್ ನಿಲ್ಲಿಸುವ ಸದ್ದಿಗೆ ಕೈಯಲ್ಲಿದ್ದ ಕಾಯಿ ಬಿದ್ದುಹೋಗುತ್ತಿತ್ತು. ಪ್ರೀತಿಯಾಗಿತ್ತು, ಇನ್ನೇನು. ಅದಕ್ಕೆ ಬೇರೆ ಹೆಸರು ಹುಡುಕುವಷ್ಟು ಚಿಕ್ಕವಳಲ್ಲ ನಾನು.

ಹುಳಗಳು ದಪ್ಪಗಾದವು, ಹೊಸ ಗರಿಗಳನ್ನು ತಿಂದು ಬಾಚಣಿಗೆಯ ಮುರಿದ ಹಲ್ಲಿನಂತೆ ಮಾಡಿದವು. ಹದಿಮೂರನೇ ದಿನ ಒಂದೊಂದಾಗಿ ಕೆಳಗಿಳಿದು, ಹೋದ ವರ್ಷದ ಗಟ್ಟಿ ಗರಿಗಳ ಬುಡ ಸೇರಿದವು. ಸೊಂಟಕ್ಕೆ ಒಂದೆಳೆ ರೇಷ್ಮೆ ಸುತ್ತಿಕೊಂಡು, ಕಂದು ಚುಕ್ಕೆಯ ಕೋಶವಾಗಿ ಕೂತವು. ನಾಲ್ಕು ಕೋಶ ಎಣಿಸಿದ.

"ಇನ್ನು ಎಂಟು ದಿನ," ಎಂದ. "ಆ ಎಂಟು ದಿನ ನಾನು ಬರೋಕಾಗಲ್ಲ, ಕೆಲಸ ಇದೆ. ನೀವು ಕಾಯ್ಬೇಕು. ಒಡೆಯೋ ಹಿಂದಿನ ದಿನ ಕೋಶ ಕಪ್ಪಾಗುತ್ತೆ, ಒಳಗಿಂದ ರೆಕ್ಕೆಯ ಬಣ್ಣ ಕಾಣುತ್ತೆ. ನೀಲಿ ಕಂಡ್ರೆ ಫೋನ್ ಮಾಡಿ."

"ಮಾಡದಿದ್ರೆ?"

"ನನ್ನ ಪ್ರಾಣ ಹೋಗುತ್ತೆ." ಬೈಕ್ ಸ್ಟಾರ್ಟ್ ಮಾಡಿದವನು ಆರಿಸಿ ಮತ್ತೆ ನನ್ನ ಕಡೆ ತಿರುಗಿದ. "ಅವತ್ತು ನಿಮಗೊಂದು ವಿಷಯ ಹೇಳೋದಿದೆ. ಈಗಲ್ಲ. ಇದು ಮುಗೀಲಿ."

ಆ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿದೆ. ಬಾಗಿಲು, ಕಿಟಕಿ, ಮೊದಲ ಮಗುವಿನ ಹೆಸರು, ಎಲ್ಲ ಇಟ್ಟೆ.

---

ಸೋಮವಾರ ಪೋಕರಿಕ್ಕ ಬಂದರು, ಗುಡ್ಡಕ್ಕೆಲ್ಲ ಇಕ್ಕ, ಹಿರಿಯಣ್ಣ. ಅವರ ಸೊಂಟದಲ್ಲಿ ಗರಿ ಕೊಯ್ಯುವ ಕತ್ತಿ, ಜೇಬಿನಲ್ಲಿ ಸಂಬಂಧಗಳ ಚೀಟಿ. ಈ ಗುಡ್ಡದಲ್ಲಿ ಎರಡೂ ಕೆಲಸ ಅವರದೇ. ಯಾರ ಮನೆಗೆ ಗರಿ ಬೇಕೋ ಅವರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಮದುವೆಯೋ ಅಲ್ಲಿ ನಾಲ್ಕು ಕಡೆಯ ನೆಂಟರು. ಒಂದು ಕೈಯಲ್ಲಿ ಗರಿ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ವರನನ್ನು ಕೊಡುತ್ತಾರೆ ಎಂದು ಉಮ್ಮ ಹೇಳುವುದಿತ್ತು.

"ನಲವತ್ತು ಗರಿ ಬೇಕು ಸಫೂ. ಹಳೇ ಗರಿ, ಗಟ್ಟಿಯಾಗಿರೋದು. ವಡಗರದಲ್ಲಿ ಗಂಡಿನ ಮನೆ, ಭಾನುವಾರ ಮದುವೆ. ಇವತ್ತೇ ಕೊಯ್ದು ಒದ್ದೆ ಗೋಣಿಲಿ ಸುತ್ತಿಡ್ತೀನಿ. ಬೇರೆ ಮರ ಎಲ್ಲ ಬೋಳಾಗಿದೆ, ನಿಂದೊಂದೇ ಉಳಿದಿರೋದು."

"ಈ ಸಲ ಆಗಲ್ಲ ಇಕ್ಕಾ."

"ಆಗಲ್ಲ ಅಂದ್ರೆ? ಮರದಲ್ಲಿ ಕಾಣ್ತಿರೋದು ಏನು, ನನ್ನ ಗಡ್ಡವಾ?"

"ಮುಂದಿನ ವಾರ ಬನ್ನಿ. ಎಷ್ಟು ಬೇಕಾದ್ರೂ ತಗೊಂಡು ಹೋಗಿ."

"ಮದುವೆನೂ ಮುಂದಿನ ವಾರಕ್ಕೆ ಹಾಕಿ ಅಂತ ಹೇಳ್ಲಾ? ಸಫೂರನ ಮನೇಲಿ ಹುಳಕ್ಕೆ ಬಾಣಂತನ ಅಂತ ಹೇಳ್ಲಾ?" ಪೋಕರಿಕ್ಕನಿಗೆ ಎಲ್ಲ ತಿಳಿದಿತ್ತು. ಕ್ಯಾಮೆರಾದವನ ಮುಖ ನೋಡಿರಲಿಲ್ಲ, ಅಷ್ಟೇ. "ನೋಡು ಮೋಳೇ, ನಾದಾಪುರದವರು ಗುರುವಾರ ನಿನ್ನ ನೋಡೋಕೆ ಬರ್ತೀವಿ ಅಂದಿದಾರೆ. ಟೈಲ್ಸ್ ಅಂಗಡಿ. ಮೊದಲನೇ ಹೆಂಡ್ತಿ ತೀರಿಹೋಗಿದಾಳೆ, ಮಕ್ಕಳಿಲ್ಲ. ನಿನ್ನ ಕೈ ವಿಷಯಾನೂ ಮೊದಲೇ ಹೇಳಿದೀನಿ. ಪರವಾಗಿಲ್ಲ ಅಂದ್ರು. ಇನ್ನೇನು ಬೇಕು ನಿಂಗೆ?"

ಉಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕತ್ತಿ ಬಿದ್ದರೆ ಕೋಶ ನಾಲ್ಕೂ ಗೋಣಿಯೊಳಗೆ ಹೋಗುತ್ತವೆ. ಆಮೇಲೆ ಶಮೀಲ್ ಯಾಕೆ ಬರುತ್ತಾನೆ, ಯಾವ ವಿಷಯ ಹೇಳುತ್ತಾನೆ? ನಾನು ಮರಕ್ಕೆ ಬೆನ್ನು ಕೊಟ್ಟು ನಿಂತೆ.

"ಆಗಲ್ಲ ಅಂದ್ನಲ್ಲ."

ಪೋಕರಿಕ್ಕ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಲವತ್ತು ವರ್ಷದಲ್ಲಿ ಮದುವೆ ಮನೆಗೆ ಗರಿ ಇಲ್ಲ ಅಂದ ಮನೆ ಇದೇ ಮೊದಲು. ಇಂಥ ಮನೆಗೆ ನಾನು ಯಾವ ಬಾಯಲ್ಲಿ ಸಂಬಂಧ ತರಲಿ? ನಾದಾಪುರದವರಿಗೆ ಬೇರೆ ಹುಡುಗಿ ತೋರಿಸ್ತೀನಿ."

ಅವರು ಇಳಿದುಹೋದ ಮೇಲೆ ಉಮ್ಮ ಕೇಳಿದಳು. "ಅವನು ನಿನ್ನ ಕೇಳಿದಾನಾ?"

"ಕೇಳ್ತಾನೆ."

"ಕೇಳಿದಾನಾ ಅಂತ ಕೇಳಿದ್ದು ನಾನು."

ನಾನು ಬಕೆಟ್ ಎತ್ತಿಕೊಂಡು ಹೋದೆ. ಉಮ್ಮ ನಾಲ್ಕು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಟ್ಟೆಯನ್ನು ನೆಲಕ್ಕೆ ಸದ್ದಾಗುವಂತೆ ಇಡುತ್ತಿದ್ದಳು.

ಶಮೀಲನಿಗೆ ಫೋನ್ ಮಾಡಿ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ. ಅವನು ಕೇಳಿದ್ದು ಒಂದೇ.

"ಯಾರ ಮನೆಗಂತೆ ಗರಿ?"

"ವಡಗರದಲ್ಲಿ ಯಾವುದೋ ಗಂಡಿನ ಮನೆ. ಹೆಸರು ಕೇಳ್ಲಿಲ್ಲ."

"ಹೂಂ," ಎಂದ. ಆಮೇಲೆ ಸಣ್ಣಗೆ ನಕ್ಕ. "ಒಳ್ಳೇದಾಯ್ತು ಬಿಡಿ. ನೀವಿಲ್ಲದಿದ್ರೆ ಏನ್ಮಾಡ್ತಿದ್ದೆ ಸಫೂರಾ?"

ಆ ನಗುವನ್ನು ನಾನು ನಾಲ್ಕು ದಿನ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

---

ಗುರುವಾರ ಒಂದು ಕೋಶ ಕಪ್ಪಾಯಿತು. ಅವನು ಬಿಟ್ಟುಹೋಗಿದ್ದ ಭೂತಗನ್ನಡಿ ಹಿಡಿದರೆ ಒಳಗೆ, ತೆಳುವಾದ ಸಿಪ್ಪೆಯ ಹಿಂದೆ, ಮಡಿಚಿಟ್ಟ ನೀಲಿ. ಫೋನ್ ಮಾಡಿದೆ. ಶುಕ್ರವಾರ ಬೆಳಿಗ್ಗೆ ಆರೂವರೆಗೇ ಬಂದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ನನಗಾಗಿ ಎಂದುಕೊಂಡೆ.

ಇಬ್ಬರೂ ಒಂದೇ ಕಲ್ಲಿನ ಮೇಲೆ ನಿಂತಿದ್ದೆವು. ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಏಳೂ ಕಾಲಿಗೆ ಕೋಶದ ಬೆನ್ನು ಸೀಳಿತು. ಮುದುರಿದ ಒದ್ದೆ ಜೀವವೊಂದು ತಡವರಿಸುತ್ತ ಹೊರಗೆ ಬಂದು, ಗರಿಯ ಅಂಚಿಗೆ ಹತ್ತಿ ತಲೆಕೆಳಗಾಗಿ ನಿಂತಿತು. ಮೊದಲು ನಮಗೆ ಕಂಡಿದ್ದು ರೆಕ್ಕೆಯ ಹಿಂಬದಿ, ಬೂದಿಬಣ್ಣದ ಮೇಲೆ ಬಿಳಿ ಅಲೆಗೆರೆ. ಕೆಳಗಿನ ಮೂಲೆಯಲ್ಲಿ ಕಿತ್ತಳೆ ಹುಬ್ಬಿನ ಕಪ್ಪು ಚುಕ್ಕೆ, ಅದರ ಪಕ್ಕ ಕೂದಲೆಳೆಯಂಥ ಬಾಲ.

"ಆ ಚುಕ್ಕೆ, ಆ ಬಾಲ ನೋಡಿದ್ರಾ? ಅದು ಸುಳ್ಳು ತಲೆ," ಎಂದು ಪಿಸುಗುಟ್ಟಿದ. "ಕಣ್ಣು, ಮೀಸೆ ಅಂದ್ಕೊಂಡು ಹಕ್ಕಿ ಅಲ್ಲೇ ಕುಕ್ಕುತ್ತೆ. ಅಷ್ಟರಲ್ಲಿ ಇದು ಇನ್ನೊಂದು ಕಡೆಯಿಂದ ಹಾರಿಹೋಗುತ್ತೆ."

ಇರುವೆಗಳು ಎರಡು ಬಂದು ಮೀಸೆಯಾಡಿಸಿ ನೋಡಿದವು. ಸಿಹಿ ಇಲ್ಲ. ಹೊರಟುಹೋದವು.

ಒಂದು ಗಂಟೆಯ ಮೇಲೆ ಬಿಸಿಲು ಬಿತ್ತು, ರೆಕ್ಕೆ ತೆರೆಯಿತು. ಹೆಬ್ಬೆರಳಿನ ಉಗುರಷ್ಟು ನೀಲಿ. ಗಾಢ ನೀಲಿಯಲ್ಲ, ಒಗೆದು ಒಗೆದು ಮೆತ್ತಗಾದ ಬಟ್ಟೆಯ ನೀಲಿ, ಸುತ್ತ ಕಾಡಿಗೆಯ ಗೆರೆ. ಅವನು ನೂರು ಫೋಟೋ ತೆಗೆದಿರಬೇಕು. ಅದು ಹಾರಿದಾಗ ಕ್ಯಾಮೆರಾ ಕೆಳಗಿಳಿಸಿ, ಒದ್ದೆ ಕಣ್ಣಿನಲ್ಲಿ ನನ್ನ ಕಡೆ ನೋಡಿದ. ಅಷ್ಟು ಚಂದದ ಮುಖವನ್ನು ನಾನು ಅವನಲ್ಲಿ ನೋಡಿರಲಿಲ್ಲ.

"ವಿಷಯ ಹೇಳೋದಿದೆ ಅಂದಿದ್ರಿ," ಎಂದೆ.

"ಹಾಂ," ಎಂದು ಬ್ಯಾಗಿನ ಜಿಪ್ ಎಳೆದು ಒಂದು ಕಾರ್ಡ್ ತೆಗೆದ. ಬಂಗಾರದ ಅಂಚು. "ಭಾನುವಾರ. ಉಮ್ಮನ್ನ ಕರ್ಕೊಂಡು ಬರ್ಲೇಬೇಕು."

ಶಮೀಲ್ ವೆಡ್ಸ್ ನಜ್ಮುನ್ನಿಸಾ. ಹುಡುಗಿ ಮಾಹಿಯವಳು. ವಡಗರದ ಅವನ ಮನೆಯ ವಿಳಾಸ. ನಾನು ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಅರ್ಥವಾಯಿತು.

"ಪೋಕರಿಕ್ಕ ಗರಿಗೆ ಬಂದಿದ್ದು..."

"ನಮ್ಮ ಮನೆಗೇ. ನಮ್ಮುಮ್ಮ ಕಳ್ಸಿದ್ದು. ಈಗ ಪ್ಲಾಸ್ಟಿಕ್ ಎಲೆ ಕಟ್ಟಿದಾರೆ, ಉಮ್ಮ ಅಳ್ತಾ ಕೂತಿದಾಳೆ," ಎಂದು ನಕ್ಕ, ಅವತ್ತು ಫೋನಿನಲ್ಲಿ ನಕ್ಕ ಹಾಗೆಯೇ.

"ಗೊತ್ತಿತ್ತು ನಿಮಗೆ. ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಗರಿ ಕೊಟ್ಟುಬಿಡ್ತಿದ್ರಿ," ಎಂದ, ಮಗುವಿಗೆ ಹೇಳುವಷ್ಟು ಸರಳವಾಗಿ. "ಕೋಶ ಎಲ್ಲ ಹೋಗ್ತಿತ್ತು."

ಎಷ್ಟು ನಿಜ. ಕೊಟ್ಟುಬಿಡುತ್ತಿದ್ದೆ, ಅವನ ಮದುವೆಯೆಂದು ತಿಳಿದರೂ ಕೊಡುತ್ತಿದ್ದೆ. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

"ನಂಗೆ ನೀವು ಇಷ್ಟ ಇಲ್ಲ ಅಂತಲ್ಲ ಸಫೂರಾ. ತುಂಬ ಇಷ್ಟ. ಆದ್ರೆ ಇದು ಎರಡು ವರ್ಷದ ಹಿಂದೆ ನಿಶ್ಚಯ ಆಗಿದ್ದು. ಈ ಇಪ್ಪತ್ತೊಂದು ದಿನ ಮಾತ್ರ, ಸತ್ಯವಾಗಿ ಹೇಳ್ತೀನಿ, ನನ್ನ ಜನ್ಮದಲ್ಲೇ ಚೆನ್ನಾಗಿತ್ತು."

"ತಿಂಡಿ ತಿಂದು ಹೋಗಿ," ಎಂದೆ.

---

ಈಂದಿನ ಹಿಟ್ಟಿನ ಪುಟ್ಟ ಉಂಡೆಗಳ ಪಿಡಿ, ದನದ ಮಾಂಸದ ಸಾರಿನಲ್ಲಿ ಬೆಂದದ್ದು. ಆ ಬೆಳಿಗ್ಗೆಗೆಂದೇ ಮಾಡಿದ್ದೆ. ಅವನು ಜಗಲಿಯಲ್ಲಿ ಕೂತು ಗಬಗಬನೆ ತಿಂದ. ಮನಸ್ಸಿನ ಭಾರ ಇಳಿಸಿದವರಿಗೆ ಹಸಿವು ಜಾಸ್ತಿ.

"ಇಂಥ ಪಿಡಿ ನಾನು ಎಲ್ಲೂ ತಿಂದಿಲ್ಲ. ಏನು ಹಾಕಿದೀರಿ?"

"ಹಾಕೋದೇನು ಬಂತು. ತೊಳೆಯೋದು ಕಡಿಮೆ ಮಾಡ್ದೆ. ಎರಡೇ ನೀರು."

ಅವನ ಕೈ ತಟ್ಟೆಯ ಮೇಲೆ ನಿಂತಿತು. ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನನ್ನ ಮುಖ ನೋಡಿದ. ಹಣೆಯ ಮೇಲೆ ಬೆವರು ಮೂಡುವುದನ್ನು ನಾನು ಕೂತು ನೋಡಿದೆ, ಅವನು ಹುಳವನ್ನು ನೋಡುತ್ತಿದ್ದ ಹಾಗೆ, ಆತುರವಿಲ್ಲದೆ. ಇಪ್ಪತ್ತೊಂದು ದಿನದಲ್ಲಿ ನನ್ನ ಕಾರಣಕ್ಕೆ ಅವನಲ್ಲಿ ಏನಾದರೂ ನಡುಗಿದ್ದು ಅದೇ ಮೊದಲು.

"ಸಫೂರಾ."

"ಹೂಂ."

"ತಮಾಷೆ ತಾನೇ?"

ನಾನು ಅವನ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಅವನು ಕಚ್ಚಿ ಬಿಟ್ಟಿದ್ದ ಪಿಡಿಯನ್ನೇ ತೆಗೆದು ತಿಂದೆ, ಒಂದೊಂದಾಗಿ ಎಲ್ಲ ತಿಂದೆ, ಸಾರನ್ನು ಬೆರಳಿನಲ್ಲಿ ಬಳಿದು ನೆಕ್ಕಿದೆ. ಹೇಳಬೇಕೆಂದಿದ್ದದ್ದನ್ನೆಲ್ಲ ಹಾಗೆ ಹೇಳಿ ಮುಗಿಸಿದೆ.

"ಏಳು ನೀರು," ಎಂದೆ. "ನಿಮಗೆ ಅಂತ ಎಂಟನೇದೂ ಹಾಕಿದ್ದೆ. ಹೋಗಿ, ಜುಮ್ಮಾ ನಮಾಜಿಗೆ ಹೊತ್ತಾಗುತ್ತೆ."

ಅವನು ಎದ್ದ. ಗೇಟಿನ ತನಕ ಹೋಗಿ, ಮರೆತಿದ್ದ ಭೂತಗನ್ನಡಿ ತೆಗೆದುಕೊಳ್ಳಲು ವಾಪಸ್ ಬಂದ.

---

ಶನಿವಾರ ಬೆಳಿಗ್ಗೆ, ಪ್ಲಾಸ್ಟಿಕ್ ಬಿಚ್ಚಿಸಿ, ವಡಗರದ ಮದುವೆಗೆ ಗರಿ ಕೊಡುತ್ತೇನೆ ಎಂದು ಪೋಕರಿಕ್ಕನಿಗೆ ಹೇಳಿಕಳಿಸಿದೆ. ಅವರು ಬರುವುದರೊಳಗೆ ನಾನೇ ಕತ್ತಿ ಹಿಡಿದು ಕಲ್ಲು ಹತ್ತಿದ್ದೆ. ಇನ್ನೂ ಎರಡು ಕೋಶ ಅಷ್ಟರಲ್ಲಿ ಖಾಲಿಯಾಗಿ ಸಿಪ್ಪೆ ಉಳಿದಿತ್ತು. ನಾಲ್ಕನೆಯದು ಮೂಲೆಯ ಗರಿಯ ಬುಡದಲ್ಲಿ ಹಾಗೇ ಇತ್ತು. ಕಪ್ಪಾಗಿತ್ತು. ಭೂತಗನ್ನಡಿ ಇಲ್ಲದೆಯೂ ಈಗ ನನಗೆ ಕಾಣುತ್ತಿತ್ತು. ಒಳಗೆ ನೀಲಿ.

ನಾಳೆ. ಚಪ್ಪರದ ನೆರಳಿನಲ್ಲಿ ತುಸು ತಡವಾಗಿ, ಹತ್ತು ಹನ್ನೊಂದರ ಹೊತ್ತಿಗೆ.

ಆ ಗರಿಯನ್ನು ಎಲ್ಲಕ್ಕಿಂತ ಮೆಲ್ಲಗೆ ಕೊಯ್ದೆ. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿ, ಬೇರೆಯಾಗಿ ಪೋಕರಿಕ್ಕನ ಕೈಗೆ ಕೊಟ್ಟೆ.

"ಮದುಮಕ್ಕಳು ಕೂರೋ ಕಮಾನು ಇರುತ್ತಲ್ಲ, ಅದರ ನಡುಮಧ್ಯೆ, ಗಂಡಿನ ತಲೆ ಮೇಲೆ ಇದನ್ನ ಕಟ್ಟಿ. ಬುಡ ಮುಂದಕ್ಕೆ ಬರ್ಲಿ. ಅಲ್ಲಾಡಿಸ್ಬೇಡಿ."

"ಈಗ ಬುದ್ಧಿ ಬಂತಾ," ಎಂದರು ಪೋಕರಿಕ್ಕ. "ನಾದಾಪುರದವರು ಕಕ್ಕಟ್ಟಿಲಿನ ಹುಡುಗೀನ ನೋಡಿ ಒಪ್ಪಿದ್ರು. ಮೊನ್ನೆ."

"ಒಳ್ಳೇದಾಯ್ತು," ಎಂದೆ.

ಆ ನಜ್ಮುನ್ನಿಸಾ ನನಗೇನೂ ಅನ್ಯಾಯ ಮಾಡಿರಲಿಲ್ಲ. ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ.

ಭಾನುವಾರ ನಾನು ಹೋಗಲಿಲ್ಲ. ಉಮ್ಮ ಹೋದಳು. ಕರೆದ ಮದುವೆ ಬಿಡುವವಳಲ್ಲ, ಪೋಕರಿಕ್ಕನ ಜೊತೆ ರಾಜಿಯೂ ಆಗಬೇಕಿತ್ತು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಬಿರಿಯಾನಿ ಚೆನ್ನಾಗಿತ್ತು. ಹುಡುಗಿ ಚಂದ ಇದಾಳೆ, ಪಾಪ, ಕಣ್ಣು ತುಂಬ್ಕೊಂಡು ಕೂತಿದ್ಲು."

"ಯಾಕೆ?"

"ಆ ಹುಡುಗನಿಗೆ ಏನಾಗಿತ್ತೋ. ಫೋಟೋ ತೆಗೆಯೋ ಹೊತ್ತಿಗೆ ಕತ್ತು ಮೇಲೆತ್ತಿದವನು ಕೆಳಗೆ ಇಳಿಸ್ಲೇ ಇಲ್ಲ. ಅವಳು ಎರಡು ಸಲ ಏನಾಯ್ತು ಅಂತ ಕೇಳಿದ್ಲು, ಅವನಿಗೆ ಕೇಳಿಸ್ಲಿಲ್ಲ. ಇತ್ತ ನೋಡೋ ಅಂತ ಕ್ಯಾಮೆರಾದವನು ಕೂಗಿದ್ದೇ ಕೂಗಿದ್ದು. ಒಂದು ಚಿಟ್ಟೆಯಂತೆ, ನೀಲಿದು. ಗರಿ ಮೇಲೆ ಕೂತು ರೆಕ್ಕೆ ಒಣಗಿಸ್ಕೊಳ್ತಿತ್ತು. ಅದು ಹಾರಿಹೋಗೋವರೆಗೂ ಹಂಗೇ ಕೂತಿದ್ದ, ಕೈ ಎರಡೂ ತೊಡೆ ಮೇಲೆ ಇಟ್ಕೊಂಡು. ಹೆಣ್ಣಿನ ಕಡೆಯವರ ಮುಖ ನೋಡೋಕಾಗ್ತಿರಲಿಲ್ಲ."

ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ. ಅವನ ಆಲ್ಬಮ್ಮಿನಲ್ಲಿ ಹೆಂಡತಿ ಕ್ಯಾಮೆರಾ ನೋಡುತ್ತಿರುತ್ತಾಳೆ, ಅವನು ನನ್ನ ಗರಿಯನ್ನು ನೋಡುತ್ತಿರುತ್ತಾನೆ. ಆ ಒಂದು ಗಂಟೆ ಅವನು ನನ್ನವನು. ಅಷ್ಟು ಸಾಕು ಎಂದುಕೊಂಡು ಅಡುಗೆಮನೆಗೆ ಹೋಗಿ ಬಾಯಿಗೆ ತಟ್ಟಂ ಒತ್ತಿಕೊಂಡು ಅತ್ತೆ.

ಮುಸ್ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಫೋನಿನಲ್ಲಿ ಅವನ ಮೆಸೇಜು ಬಂತು. ಒದ್ದೆ ಕೈಯನ್ನು ತಟ್ಟಂಗೆ ಒರೆಸಿಕೊಂಡು ತೆರೆದೆ.

"ನೀವೇ ಕಳ್ಸಿದ್ದು ಅಂತ ಗೊತ್ತಾಯ್ತು. ಎಂಥ ಬೆಳಕಿತ್ತು. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ."

ಅಷ್ಟೇ ಇತ್ತು. ನಾನು ಕೆಳಗೆ ಇನ್ನೇನಾದರೂ ಇದೆಯೇ ಎಂದು ಬೆರಳಿನಿಂದ ಸರಿಸಿ ನೋಡಿದೆ. ಬಹಳ ಸಲ ಸರಿಸಿ ನೋಡಿದೆ.

ತಿಂಗಳಾದ ಮೇಲೆ ವಾರಪತ್ರಿಕೆ ಬಂತು. ಎರಡು ಪುಟ, ಹನ್ನೊಂದು ಫೋಟೋ. ಆರನೇ ದಿನದ ಹುಳ ದೊಡ್ಡದಾಗಿ ಬಂದಿತ್ತು. ನನ್ನ ಬೆರಳಿದ್ದ ಬದಿಯನ್ನು ಕತ್ತರಿಸಿದ್ದರು.

ಬೋಳು ಮಾಡಿದ ಈಂದು ಸುಮ್ಮನಿರುವುದಿಲ್ಲ. ನೆತ್ತಿಯಲ್ಲಿ ಮತ್ತೆ ಎಳೆಗರಿ ಸುರುಳಿ ಬಿಚ್ಚಿದವು. ಒಂದು ಬೆಳಿಗ್ಗೆ ಎರಡನೇ ನೀರು ಚೆಲ್ಲಲು ಹೋದಾಗ ಮಣ್ಣಿನ ಬಣ್ಣದವಳೊಬ್ಬಳು ಗರಿಯ ಸುತ್ತ ತಿರುಗುತ್ತಿದ್ದಳು. ಬಕೆಟ್ ಎತ್ತಿ ಹಿಡಿದಿದ್ದೆ. ಒಂದು ಸಲ ಬೀಸಿದರೆ ಮುಗಿಯುತ್ತಿತ್ತು. ಅವಳು ಕೂತಳು, ಬಾಲ ಬಾಗಿಸಿದಳು. ರೆಕ್ಕೆಯ ಬುಡದಲ್ಲಿ ಸ್ವಲ್ಪ ನೀಲಿ ಇತ್ತು, ಹತ್ತಿರ ಹೋದದ್ದಕ್ಕೆ ಕಂಡಿತು.

ಬಕೆಟ್ ಕೆಳಗಿಟ್ಟು, ಎಷ್ಟು ಮೊಟ್ಟೆ ಇಡುತ್ತಾಳೆಂದು ಎಣಿಸುತ್ತ ನಿಂತೆ.